ಮಂಕರಿಯೊಳಗಿನ ಕೂಸು

ನನ್ನ ಮಗಳು ಹತ್ತು ತಿಂಗಳ ಕೂಸಾಗಿದ್ದಾಗ ಅವಳನ್ನು ಕೋಳಿ ಮುಚ್ಚುವ ಬಿದಿರು ಬುಟ್ಟಿ, ಮಂಕರಿಯೊಳಗೆ ಕೂರಿಸಿ, ಮೇಲೊಂದು ಕಲ್ಲು ಹೇರಿ ಮನೆಕೆಲಸ ಮಾಡುತ್ತಿದ್ದೆ. ಕೋಳಿ ಹೊರಗೆ, ಕೂಸು ಒಳಗೆ. ತಮಿಳು ಗಡಿಯ ಪಣಕಹಳ್ಳಿಯಲ್ಲಿ ನಮ್ಮ ಮನೆ ಮುಂದೆ ಹಾದುಹೋಗುವವರೆಲ್ಲ ನಿಂತು ನೋಡಿ ನಗುತ್ತಿದ್ದರು. ನಗಲಿ ಬಿಡಿ. ಅವರ ಮನೆ ಮಗುವಿನ ಕಣ್ಣಿಗೇನು ಹುಂಜ ಗುರಿ ಇಟ್ಟಿತ್ತೇ?

ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ನಾನು ಗೆಟ್ಟವಾಡಿಯಿಂದ ಮದುವೆಯಾಗಿ ಬಂದವಳು. ಎರಡು ಸಲ ಬಸುರು ನಿಲ್ಲಲಿಲ್ಲ. ಮೂರನೆಯ ಸಲ ಅತ್ತೆ ಹಿತ್ತಲಲ್ಲಿ ಓಡಾಡುತ್ತಿದ್ದ ಒಂದು ಹುಂಜದ ಮರಿ ಹಿಡಿದು, ಕಾಲಿಗೆ ಅರಿಸಿನದ ಬಟ್ಟೆಚೂರು ಕಟ್ಟಿ, “ಮಾರವ್ವಾ, ಕೂಸು ಉಳುದ್ರೆ ಇದು ನಿಂದು” ಅಂದರು. ಕೂಸು ಉಳಿಯಿತು. ಹರಕೆ ತೀರಿಸೋಣ ಅನ್ನುವಷ್ಟರಲ್ಲಿ ಗಂಡನ ಚಿಕ್ಕಪ್ಪ ತೀರಿಕೊಂಡರು. ವರ್ಷ ತುಂಬುವವರೆಗೆ ಸೂತಕ, ಮನೆಯವರು ಯಾರೂ ದೇವರ ಕೆಲಸ ಮಾಡುವಂತಿಲ್ಲ. ಹೀಗೆ ಹುಂಜಕ್ಕೆ ಒಂದು ವರ್ಷ ಆಯುಸ್ಸು ಪುಕ್ಕಟೆಯಾಗಿ ಸಿಕ್ಕಿತು.

ಹರಕೆ ಕೋಳಿಯನ್ನು ಹೊಡೆಯುವಂತಿಲ್ಲ, ಮಾರುವಂತಿಲ್ಲ, ನೆಂಟರು ಬಂದರೆಂದು ಕುಯ್ಯುವಂತಿಲ್ಲ. ದೇವರಿಗೆ ಒಪ್ಪಿಸುವ ಮೊದಲೇ ಅದಕ್ಕೆ ಏನಾದರೂ ಆದರೆ, ಯಾವ ಜೀವಕ್ಕಾಗಿ ಹರಕೆ ಹೊತ್ತೆವೋ ಆ ಜೀವಕ್ಕೇ ಕೇಡು ಅನ್ನುವುದು ಅತ್ತೆಯ ನಂಬಿಕೆ. ಒಂದು ದಿನವೂ ಪೊರಕೆ ಏಟು ಕಾಣದೆ ಬೆಳೆದ ಹುಂಜ ಹೇಗಾಗುತ್ತದೋ ಹಾಗೇ ಆಯಿತು. ಕೆಂಪು ಕತ್ತು, ಕಪ್ಪು ಬಾಲ, ಕಾಲಿನ ಹಿಂದೆ ನನ್ನ ಕಿರುಬೆರಳುದ್ದ ಮುಳ್ಳು. ಕಾಲು ಕೆರೆದು ಜಗಳಕ್ಕೆ ಬರುವುದು ಅನ್ನುತ್ತಾರಲ್ಲ, ಆ ಮಾತು ಇದನ್ನು ನೋಡಿಯೇ ಹುಟ್ಟಿರಬೇಕು. ಕರುವನ್ನು ಅಟ್ಟಿತು, ನಾಯಿಯನ್ನು ಬೀದಿ ದಾಟಿಸಿತು. ಮಗುವಿಗೆ ಸೂಜಿ ಹಾಕಲು ಬಂದ ತಮಿಳು ನರ್ಸಮ್ಮನ ಸೀರೆ ಹರಿಯಿತು. ಆಕೆ ಜಗಲಿ ಮೇಲೆ ಹತ್ತಿ ನಿಂತು, “ಇನ್ನುಂ ಏನ್ ವಚ್ಚಿರುಕ್ಕೀಂಗ? ಅಡಿಚ್ಚು ಕೊಳಂಬು ವೈಯ್ಯುಂಗ!” ಎಂದು ಕೂಗಿದಳು. ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ, ಬಡಿದು ಸಾರು ಮಾಡಿ ಅಂತ. ನನಗೆ ಆಕೆಯ ಕಾಲಿಗೆ ಬೀಳಬೇಕೆನಿಸಿತು. ಅತ್ತೆ ಮಾತ್ರ ಎರಡೂ ಕಿವಿ ಮುಚ್ಚಿಕೊಂಡು ಒಳಗೆ ಹೋದರು.

ಹುಂಜವನ್ನೇ ಮಂಕರಿಯಲ್ಲಿ ಮುಚ್ಚಿಡಬಾರದಿತ್ತೇ ಅಂತ ಕೇಳಬಹುದು. ಮುಚ್ಚಿದ್ದೆವು. ಎರಡು ದಿನ ಕಾಳು ಮುಟ್ಟದೆ ಮುದುರಿ ಕೂತಿತು.

“ದ್ಯಾವ್ರ ಕೋಳಿ ಕೊರಗಬಾರ್ದು ಕಣಮ್ಮಿ, ಬುಟ್ಬುಡು” ಅಂದರು ಅತ್ತೆ.

“ಕೂಸು ಕೊರಗಬೋದಾ ಅತ್ತೆವ್ವಾ?”

“ನಿನ್ ಬಾಯಿಗೆ ಬೀಗ ಆಕ” ಎಂದು ತಾವೇ ಮಂಕರಿ ಎತ್ತಿದರು. ಖಾಲಿಯಾದ ಮಂಕರಿಗೆ ಕೂಸು ಹೋಯಿತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ನಮ್ಮಲ್ಲಿ ಆ ಪೂಜಾರಿ ಪುಕ್ಕ ಕೆದರಿಕೊಂಡು ಹಿತ್ತಲಲ್ಲಿ ತಿರುಗುತ್ತಿದ್ದ. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ರಾಗಿ ಬೀಸುತ್ತ ಕೂತರೆ ಎರಡು ಸುತ್ತಿಗೊಮ್ಮೆ ಏಳುವುದು, ಬಾಗಿಲಿಗೆ ಬರುವುದು, ಮಂಕರಿ ನೋಡುವುದು. ನೀರಿಗೆ ಹೋದರೆ ಕೊಡ ಅರ್ಧ ತುಂಬುವ ಹೊತ್ತಿಗೇ ಓಡಿ ಬರುವುದು. ಎಲ್ಲಿಯೋ ರೆಕ್ಕೆ ಬಡಿದ ಸದ್ದಾದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಿದ್ದೆ. ಗಂಡ ಜೋಳದ ಹೊಲದಲ್ಲಿ ಹಂದಿ, ಆನೆ ಕಾದು ಬೆಳಿಗ್ಗೆ ಬಂದು ಮಲಗುತ್ತಿದ್ದರು. ಆನೆ ಓಡಿಸುವ ಗಂಡಸು, ನಾನು ಕೋಳಿಯ ವಿಷಯ ತೆಗೆದರೆ, “ಅವ್ವುನ್ನ ಕೇಳು” ಎಂದು ಮಗ್ಗುಲಾಗುತ್ತಿದ್ದರು.

ಸೂತಕ ಕಳೆಯಲು ಇನ್ನೆರಡು ತಿಂಗಳಿತ್ತು. ಆ ದಿನ ಬೆಳಿಗ್ಗೆ ನಾನು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದೆ. ಕೂಸು ಮಂಕರಿಯ ಸಂದಿಗಳಲ್ಲಿ ಬೆರಳು ತೂರಿಸಿ ಅಳುತ್ತಿತ್ತು. ಅತ್ತೆಯ ಕರುಳು ಚುರುಕ್ ಅಂದಿರಬೇಕು, ಎತ್ತಿ ಜಗಲಿಯ ಕೆಳಗೆ ಕೂರಿಸಿಕೊಂಡು ಹಿಟ್ಟಿನ ಉಂಡೆ ತಿನ್ನಿಸತೊಡಗಿದರು. ಹಿಟ್ಟು ಕಂಡ ಹುಂಜ ಬಂತು. ಅತ್ತೆಯ ಕೈಗೆ ಸಿಗುವಂತೆಯೇ ಪೊರಕೆ ಇತ್ತು. ತೆಗೆದುಕೊಂಡರು, ಎತ್ತಿದರು. ಕೊಟ್ಟಿಗೆಯ ಬಾಗಿಲಿನಿಂದ ನಾನು ನೋಡುತ್ತಲೇ ಇದ್ದೆ. ಎತ್ತಿದ ಕೈ ಹಾಗೇ ಮೇಲೆ ನಿಂತುಬಿಟ್ಟಿತು. ಹೊಡೆಯಲಿಲ್ಲ. ಹುಂಜ ಹಾರಿತು.

ಕಾಲಿನ ಮುಳ್ಳು ಕೂಸಿನ ಕಣ್ಣಿನ ಕೆಳಗೆ ಕೆನ್ನೆಗೆ ನೆಟ್ಟಿತ್ತು. ಒಂದು ರಾಗಿಕಾಳಿನಷ್ಟು ಮೇಲಾಗಿದ್ದರೆ ಕಣ್ಣೇ ಹೋಗುತ್ತಿತ್ತು. ಓಡಿ ಬಂದು ಎತ್ತಿಕೊಂಡೆ, ರಕ್ತ ನನ್ನ ರವಿಕೆಯೆಲ್ಲ ಆಯಿತು. ಅತ್ತೆ ಅರಿಸಿನ ಮೆತ್ತುತ್ತ, “ನಾನ್ ಒಡೀಬೇಕಾಗಿತ್ತು, ಕೈ ಬರ್ನಿಲ್ಲ ಕಣವ್ವಾ, ಕೈ ಬರ್ನಿಲ್ಲ” ಅನ್ನುತ್ತಲೇ ಇದ್ದರು. ಅವರ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಅರಿಸಿನದ ಬಟ್ಟಲನ್ನು ಅವರ ಕೈಯಿಂದ ಕಸಿದುಕೊಂಡೆ. ಕೂಸು ಅತ್ತು ಅತ್ತು ಮಲಗಿದ ಮೇಲೆ ತಡಿಕೆಗೆ ಸಿಕ್ಕಿಸಿದ್ದ ಕುಡುಗೋಲು ತೆಗೆದುಕೊಂಡೆ. ಹುಂಜದ ಮೇಲೆ ಗೋಣಿಚೀಲ ಎಸೆದು ಹಿಡಿದೆ. ವರ್ಷವಿಡೀ ನನ್ನನ್ನು ಹೆದರಿಸಿದ ಪ್ರಾಣಿ ಕಂಕುಳಲ್ಲಿ ಅಷ್ಟು ಹಗುರ ಇರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಮಾರವ್ವನ ಗುಡಿ ಅಂದರೆ ಹೊಲಗಳ ಆಚೆ, ಬೇವಿನ ಮರದಡಿ ನಿಲ್ಲಿಸಿದ ಮೂರು ಕಲ್ಲು. ಬಾಗಿಲಿಲ್ಲ, ದಿನವೂ ಬರುವ ಪೂಜಾರಿಯಿಲ್ಲ. ನಮ್ಮ ಕಡೆ ಹೆಂಗಸರು ಕೋಳಿ ಕುಯ್ಯುವುದಿಲ್ಲ, ಗಂಡಸರನ್ನು ಕರೆಯುತ್ತೇವೆ. ಅದೂ ಸೂತಕದವಳು, ರಕ್ತದ ರವಿಕೆಯವಳು. ಹತ್ತಿರ ಹೋಗಲು ಧೈರ್ಯವಾಗಲಿಲ್ಲ. ಹತ್ತು ಮಾರು ದೂರದಲ್ಲೇ ನಿಂತು ಗಟ್ಟಿಯಾಗಿ ಹೇಳಿದೆ.

“ಕೂಸೂ ನಿಂದೇ, ಕೋಳೀನೂ ನಿಂದೇ. ಎರ್ಡುನ್ನೂ ಒಂದೇ ಇತ್ಲಲ್ಲಿ ಸಾಕಕ್ಕೆ ನನ್ ಕೈಲಾಗದು. ಕೋಳಿನ ನೀನ್ ಮಡೀಕೊ. ತಪ್ಪಾಗಿದ್ರೆ ನನ್ನ ಕೇಳು, ಕೂಸಿನ ತಂಟೆಗೆ ಬರ್ಬ್ಯಾಡ.”

ಕುಯ್ದೆ. ಮೊದಲ ಸಲ ಸರಿಯಾಗಿ ಕುಯ್ಯಲು ಬರಲಿಲ್ಲ. ಅದನ್ನು ಬರೆಯುವುದಿಲ್ಲ.

ಮನೆಗೆ ತಂದು ಪುಕ್ಕ ಕಿತ್ತು, ಸುಟ್ಟು, ಮಸಾಲೆ ಅರೆದು ಸಾರಿಗಿಟ್ಟೆ. ಹರಕೆ ಕೋಳಿಯನ್ನು ಮನೆಯವರು ಉಂಡರೇ ಹರಕೆ ತೀರಿದಂತೆ. ಬಿಸಾಡಿದರೆ ದೇವಿ ಒಪ್ಪಲಿಲ್ಲ ಅಂತ ನಾವೇ ಹೇಳಿದಂತಾಗುತ್ತದೆ. ಅತ್ತೆ ಗೋಡೆಗೆ ಒರಗಿ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದರು. ನನ್ನನ್ನು ಬೈಯುವುದು ಬಿಟ್ಟು ಐದೈದು ನಿಮಿಷಕ್ಕೆ ಕೂಸಿನ ಹಣೆ ಮುಟ್ಟುತ್ತಿದ್ದರು. ಸ್ವಲ್ಪ ಬಿಸಿಯಿತ್ತು. ನಾನು ಒಲೆಯ ಮುಂದಿನಿಂದ ಎದ್ದು ಬಂದು ಮುಟ್ಟುತ್ತಿದ್ದೆ. ಹುಂಜ ಸತ್ತರೆ ನೆಮ್ಮದಿ ಅಂದುಕೊಂಡಿದ್ದೆ. ಎಲ್ಲಿಯ ನೆಮ್ಮದಿ? ಆಗ ಕೂಸಿನ ಕಣ್ಣಿಗಾಗಿ ಹೆದರುತ್ತಿದ್ದವಳು ಈಗ ಅದರ ಜೀವಕ್ಕಾಗಿಯೇ ಹೆದರಿದೆ.

ಮಧ್ಯಾಹ್ನ ಹಿಟ್ಟಿನ ಮುದ್ದೆ ಕಟ್ಟಿ ಎಲ್ಲರಿಗೂ ತಟ್ಟೆ ಹಾಕಿದೆ. ಕೋಳಿಸಾರೆಂದರೆ ಅರ್ಧ ಮಡಕೆ ಮುಗಿಸುವ ನನ್ನ ಗಂಡ, “ನಂಗ್ ಅಸಿವಿಲ್ಲ” ಎಂದು ಬಾಗಿಲ ಕಡೆ ನೋಡಿದರು. ನಾನೂ ಕೈ ಹಾಕಲಿಲ್ಲ. ಸಾರಿನ ಮೇಲೆ ಎಣ್ಣೆ ಕಟ್ಟುತ್ತ ಬಂತು.

ಅತ್ತೆ ಕೂಸನ್ನು ನನ್ನ ತೊಡೆಗೆ ದಾಟಿಸಿ ಬಂದು ತಟ್ಟೆಯ ಮುಂದೆ ಕೂತರು.

“ಇಕ್ಕಮ್ಮಿ.”

“ಅತ್ತೆವ್ವಾ...”

“ಇಕ್ಕು ಅಂದೆ. ಮಾರವ್ವ ಮುನುಸ್ಕಂಡಿದ್ರೆ ಮೊದ್ಲು ನಂಗಾಗ್ಲಿ. ಅರಕೆ ಒತ್ತವ್ಳು ನಾನು, ಪೊರಕೆ ಇಳಿಸ್ದೆ ಇದ್ದವ್ಳೂ ನಾನೇ. ನಾಳೆಗಂಟ ನಾನು ಚೆಂದಾಗಿದ್ರೆ ಆಮ್ಯಾಕೆ ನೀವ್ ಉಣ್ಣಿ.”

ಬಡಿಸಿದೆ. ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗಿದರು. ನನಗೆ ಅಳು ತಡೆಯಲಾಗಲಿಲ್ಲ. ಗಂಡಸರು, ನೆಂಟರು, ಕೂಲಿಯವರು, ಕೊನೆಗೆ ನಾನೂ ಉಂಡ ಮೇಲೆ ಉಳಿದದ್ದನ್ನು ಬಳಿದು ಉಣ್ಣುತ್ತಿದ್ದ ಹೆಂಗಸು ಅವರು. ಆ ಮನೆಯಲ್ಲಿ ಅವರು ಎಲ್ಲರಿಗಿಂತ ಮೊದಲು ಉಂಡದ್ದನ್ನು ನಾನು ನೋಡಿದ್ದು ಆ ಒಂದೇ ದಿನ.