ಅವ್ವನ ಜುಮಕಿಗೆ ಹಿತ್ತಾಳೆಯ ಸರಪಳಿ

ನಾನು ಚಿಕ್ಕವನಿದ್ದಾಗ, ಎಷ್ಟು ಚಿಕ್ಕವನೆಂದು ಮಾತ್ರ ಕೇಳಬೇಡಿ ಮಕ್ಕಳೇ, ನಮ್ಮ ಮನೆ ಕಲಬುರಗಿಯ ಬ್ರಹ್ಮಪುರದಲ್ಲಿತ್ತು. ಅಪ್ಪನಿಗೆ ಊರಿನ ಜಗತ್ ಸರ್ಕಲಿನಲ್ಲಿ ಸೈಕಲ್ ರಿಪೇರಿಯ ಅಂಗಡಿ. ಮುಂದೆ ನಾನು ವಿಶ್ವವಿದ್ಯಾಲಯದಲ್ಲಿ ಓದುವಾಗ ಯಾವುದನ್ನೂ ಪರೀಕ್ಷಿಸದೆ ನಂಬಬಾರದೆಂದು ಕಲಿತೆ. ಈಗ ನನ್ನ ನೆನಪನ್ನೇ ನಂಬಲಾರೆ. ಆದ್ದರಿಂದ ಖಾತ್ರಿ ಇರುವುದನ್ನು ಮೊದಲು ಹೇಳುತ್ತೇನೆ.

ಖಾತ್ರಿ ಇರುವುದು ಅವ್ವನ ಕಿವಿ. ಭಾರದ ಜುಮಕಿ ಹಾಕಿ ಹಾಕಿ ಕಿವಿಯ ತೂತು ಉದ್ದಕ್ಕೆ ಜಗ್ಗಿತ್ತು, ಕೆಳಗೆ ದಾರದಷ್ಟು ಚರ್ಮ ಉಳಿದಿತ್ತು. ನಾನು ಹೇಳುತ್ತಿರುವ ದಿನದ ಮರುದಿನ ಕಮಲಾಪುರದಲ್ಲಿ ಸೋದರಮಾವನ ಮದುವೆ. ಜುಮಕಿ ಕೊಟ್ಟವಳು ಅಜ್ಜಿ. ಅವಳ ಮನೆಗೇ ಬರಿಗಿವಿಯಲ್ಲಿ ಹೋಗುವುದು ಹೇಗೆ? ಜುಮಕಿಯ ಭಾರವನ್ನು ಕಿವಿಯಿಂದ ಕೂದಲಿಗೆ ದಾಟಿಸುವ ಸಣ್ಣ ಸರಪಳಿ ಬೇಕಿತ್ತು. ನಮ್ಮ ಕಡೆ ಸೋನಾರ ಎನ್ನುವ ಅಕ್ಕಸಾಲಿಗ ಪುರುಸೊತ್ತಿಲ್ಲವೆಂದು ಕೈಯಲ್ಲಾಡಿಸಿದ್ದ.

“ಹೋಗ್ಲಿ ಬಿಡವಾ, ಬರೇ ಕಿವೀಲೆ ಹೋಗ್ತೀನಿ,” ಎಂದಳು ಅವ್ವ.

“ಹ್ಯಾಂಗ ಹೋಗ್ತಿ ನೋಡ್ತೀನಿ,” ಎಂದಳು ಅಕ್ಕ. “ಸಂಜೀಕ ಸರಪಳಿ ನಿನ್ನ ಕಿವ್ಯಾಗ ಇರ್ತದ.”

ಅಕ್ಕ ಅಪ್ಪನ ಅಂಗಡಿಯಿಂದ ತಂತಿ ಹಿಡಿದು ಕತ್ತರಿಸುವ ಎರಡು ಪಕ್ಕಡ, ತೆಳ್ಳನೆಯ ಹಿತ್ತಾಳೆ ತಂತಿ, ಒಂದು ಹಳೆಯ ಸೈಕಲ್ ಕಡ್ಡಿ ತಂದಳು. ಕಡ್ಡಿಗೆ ತಂತಿಯನ್ನು ಬಿಗಿಯಾಗಿ ಸುತ್ತಿ, ಸುರುಳಿಯನ್ನು ಹೊರತೆಗೆದು ಕತ್ತರಿಸಿದಾಗ ಸಾಸಿವೆಗಿಂತ ಸ್ವಲ್ಪ ದೊಡ್ಡ ಉಂಗುರಗಳು ನೆಲಕ್ಕೆ ಹಾಸಿದ ಪರ್ಸಿಕಲ್ಲಿನ ಮೇಲೆ ಕಿಣಿಕಿಣಿ ಉದುರಿದವು. ಹೊರಗೆ ಸುಡುವ ಬಿಸಿಲು, ಒಳಗೆ ತಣ್ಣನೆಯ ಕಲ್ಲು, ಬೆರಳಿಗೆಲ್ಲ ಹಿತ್ತಾಳೆಯ ಕಮಟು. ರೇಡಿಯೊ ಹಾಡುತ್ತಿತ್ತು ಎಂದು ಬರೆಯಬೇಕೆನಿಸುತ್ತದೆ. ಆಗ ನಮ್ಮಲ್ಲಿ ರೇಡಿಯೊ ಇತ್ತೇ ಎಂಬುದೇ ಅನುಮಾನ.

ನಾನು ಉಂಗುರದ ಬಾಯಿ ತೆರೆದುಕೊಟ್ಟೆ. ಅಕ್ಕ ಒಂದರಲ್ಲಿ ಒಂದನ್ನು ಕೋದು ಬಾಯಿ ಮುಚ್ಚಿದಳು. ಅಷ್ಟರಲ್ಲಿ ಅಪ್ಪ ಬಂದ.

“ನನ್ನ ಪಕ್ಕಡ ಒಯ್ದಾರ ಯಾರು? ಗಿರಾಕಿ ಬಾಗಲ್ದಾಗ ನಿಂತಾನ.”

“ಸಂಜೀತನ ಕೊಡಂಗಿಲ್ಲಪ್ಪಾ.”

“ಅವಗ ಏನ್ ಹೇಳ್ಲಿ?”

“ಮಗಳು ಸೋನಾರಕಿ ಮಾಡಾಕತ್ತಾಳ ಅಂತ ಹೇಳು.”

ಅಪ್ಪ ನಗು ತಡೆದುಕೊಂಡು ಬರಿಗೈಯಲ್ಲಿ ವಾಪಸಾದ.

ಸರಪಳಿ ಮುಗಿಯಿತು. ಜುಮಕಿಯ ಬದಲು ಸೈಕಲ್ಲಿನ ನಟ್ಟುಗಳನ್ನು ತೂಗುಹಾಕಿ ಅಕ್ಕ ಜಗ್ಗಿದಳು. ಒಂದು ಉಂಗುರ ಬಾಯಿ ಬಿಟ್ಟು ನಟ್ಟುಗಳೆಲ್ಲ ನೆಲಕ್ಕೆ ಚೆಲ್ಲಿದವು. ಬಿಗಿಮಾಡಿ ಮತ್ತೆ ಜಗ್ಗಿದಳು, ಮತ್ತೆ ಬಿಚ್ಚಿತು. “ಸಾಕು ಬಿಡವಾ, ಬೆರಳು ನೋಯ್ತಾವ,” ಎಂದಳು ಅವ್ವ. ಅಕ್ಕ ಸರಪಳಿಯನ್ನು ಪೂರ್ತಿ ಬಿಚ್ಚಿ, ಬಾಗಿದ ಉಂಗುರಗಳನ್ನು ಬಿಸಾಡಿ, ಕಡ್ಡಿಗೆ ಹೊಸ ತಂತಿ ಸುತ್ತತೊಡಗಿದಳು.

ಈ ಸಲ ಒಂದೊಂದರ ಬದಲು ಎರಡೆರಡು ಉಂಗುರ ಕೂಡಿಸಿ ಕೋದೆವು. ಒಂದರ ಬಾಯಿ ಬಿಟ್ಟರೂ ಜೊತೆಯದು ಭಾರ ಹಿಡಿಯುತ್ತದೆ. ಈ ಉಪಾಯ ಹೊಳೆದದ್ದು ನನಗೆ ಎಂದು ನನ್ನ ನೆನಪು. ಮೊನ್ನೆ ಫೋನಿನಲ್ಲಿ ಅಕ್ಕನಿಗೆ ಹಾಗೆಂದೆ.

“ನಿನಗಾ? ನೀ ಪರ್ಸಿ ಮ್ಯಾಲೆ ಬಾಯಿ ತಕ್ಕೊಂಡು ಮಲಗಿದ್ದಿ.”

“ಮಲಗಿದ್ರ ನನ್ನ ಬೆರಳಿಗೆ ತಂತಿ ಹ್ಯಾಂಗ ಚುಚ್ಚಿತು?”

“ಹೊರಳಾಡಿದ್ದಿ, ಚುಚ್ಚಿತು.”

ಯಾರ ಉಪಾಯವಾದರೇನು, ಸಂಜೆ ನಟ್ಟುಗಳು ಕೆಳಗೆ ಬೀಳದೆ ನೇತಾಡಿದವು. ಇನ್ನೊಂದು ಕಿವಿಗೂ ಅಂಥದ್ದೇ ಮಾಡಿ, ಎರಡನ್ನೂ ಹುಣಸೆಹಣ್ಣಿನಲ್ಲಿ ತಿಕ್ಕಿದಾಗ ಬಂಗಾರದ ಪಕ್ಕದಲ್ಲಿ ನಾಚದಷ್ಟು ಹೊಳೆದವು.

ಮರುದಿನ ಕಮಲಾಪುರದ ಬಸ್ಸು ಗುಂಡಿಗೊಮ್ಮೆ ಎಗರುತ್ತಿತ್ತು. ಹಿಂದೆಲ್ಲ ಜುಮಕಿ ಹಾಕಿದ ದಿನ ಅವ್ವ ಅದಕ್ಕೆ ಅಂಗೈ ಆನಿಸಿಕೊಂಡೇ ಕೂರುತ್ತಿದ್ದಳು. ಅವತ್ತು ಅವಳ ಒಂದು ಕೈ ಅಕ್ಕನ ಹೆಗಲ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ. ಕೆಂಪು ಬಾಳೆಗೊನೆ ಕಟ್ಟಿದ್ದ ಹಂದರದ ಬಾಗಿಲಲ್ಲೇ ಅಜ್ಜಿ ಅವ್ವನ ಗಲ್ಲ ತಿರುಗಿಸಿ ನೋಡಿದಳು.

“ಯಾವ ಸೋನಾರಂದು ಇದು?”

“ಮನ್ಯಾಗಿಂದೇ,” ಎಂದಳು ಅವ್ವ.

ನಿಮ್ಮ ಕಾಲ ಬೇರೆ. ಹೋದ ವಾರ ಗಾಳಿಪಟ ಮೊದಲು ಹಾರಿಸಿದ್ದು ಯಾರೆಂದು ನೀವಿಬ್ಬರೂ ಜಗಳವಾಡಿದಿರಿ. ಫೋನಿನ ವಿಡಿಯೊ ನೋಡಿ ನಿಮಿಷದಲ್ಲಿ ತೀರ್ಮಾನಿಸಿ, ತಲಾ ಒಂದು ಕೋಣೆ ಸೇರಿದಿರಿ. ನಮ್ಮ ಆ ದಿನದ ಒಂದು ಫೋಟೊ ಕೂಡ ಇಲ್ಲ. ಅದಕ್ಕೇ ಈ ವಯಸ್ಸಿನಲ್ಲೂ ಅಕ್ಕ ಜಗಳ ಮುಂದುವರಿಸಲೆಂದೇ ಫೋನು ಮಾಡುತ್ತಾಳೆ, ನಾನು ಕಾಯುತ್ತಿರುತ್ತೇನೆ. ನಾಳೆ ಯಾರಾದರೂ ಆ ಮಧ್ಯಾಹ್ನದ ವಿಡಿಯೊ ತಂದುಕೊಟ್ಟರೆ, ಅದರಲ್ಲಿ ಗೆದ್ದವನು ನಾನೇ ಆಗಿದ್ದರೂ, ಅಕ್ಕನಿಗೆ ತೋರಿಸುವುದಿಲ್ಲ.