ಕೋಡಿಂಬಾಳಕ್ಕೆ ‘ಬರುವ’ ಎಂದದ್ದು

ನನ್ನ ಬಾಯಲ್ಲಿ ‘ಇಲ್ಲ’ ಎಂಬ ಮಾತು ಬರುವುದಿಲ್ಲ. ನನ್ನದೇನು, ನಮ್ಮ ಪುತ್ತೂರು ಕಡೆಯ ಯಾರ ಬಾಯಲ್ಲೂ ಅದು ಸುಲಭಕ್ಕೆ ಬರುವುದಿಲ್ಲ. ಯಾರಾದರೂ ಕರೆದರೆ, ಹೋಗುವ ಮನಸ್ಸಿಲ್ಲದಿದ್ದರೂ, ‘ಆಯ್ತು, ಬರುವ’, ಎಂದರೆ ಬರೋಣ, ಎನ್ನುತ್ತೇವೆ. ಮುಖಕ್ಕೆ ಹೊಡೆದ ಹಾಗೆ ಹೇಳಬಾರದಲ್ಲ! ಕರೆದವರೂ ಎರಡು ಸಲ ನೋಡಿ, ಅರ್ಥ ಮಾಡಿಕೊಂಡು ಸುಮ್ಮನಾಗುತ್ತಾರೆ. ಎಲ್ಲರೂ ಹಾಗೇ ಅರ್ಥ ಮಾಡಿಕೊಳ್ಳುತ್ತಾರೆ ಎಂದು ನಾನು ನಂಬಿದ್ದೆ.

ನಾನು ಕಂಪ್ಯೂಟರ್ ಕೆಲಸದವಳು. ಯಾವ ಕಂಪೆನಿಯಲ್ಲೂ ಇಲ್ಲ. ಮನೆಯ ಮಹಡಿಯ ಕೋಣೆಯೇ ಆಫೀಸು. ವರ್ಷಗಟ್ಟಲೆ ಬಂದ ಕೆಲಸವನ್ನೆಲ್ಲ ಮಾಡಿದೆ. ಬೆಟ್ಟಂಪಾಡಿಯ ಅಂಗಡಿಗೆ ಬಿಲ್ಲಿಂಗ್, ಸುಳ್ಯದ ರಬ್ಬರ್ ವ್ಯಾಪಾರಿಗೆ ಸಿಸಿಟಿವಿ, ಮದುವೆ ಕಾಗದದ ಡಿಸೈನ್, ವೆಬ್‌ಸೈಟು, ಹಠ ಹಿಡಿದ ಪ್ರಿಂಟರು, ಯಾವುದನ್ನೂ ಬಿಟ್ಟವಳಲ್ಲ. ಹೋದ ಮನೆಯವರು ಊಟ ಹಾಕದೆ ಕಳಿಸುತ್ತಿರಲಿಲ್ಲ. ಬರುವಾಗ ಸ್ಕೂಟರಿನ ಕೊಕ್ಕೆಯಲ್ಲಿ ಬಸಳೆಯದೋ ಅಲಸಂಡೆಯದೋ ಒಂದು ಕಟ್ಟು ನೇತಾಡುತ್ತಿತ್ತು. ಎಲ್ಲರಿಗೂ ನಾನು ‘ಕಂಪ್ಯೂಟರ್ ಅಕ್ಕ’.

ಸುಳ್ಯದಲ್ಲಿ ನನ್ನದೇ ಕಸುಬಿನ ಗೆಳತಿಯೊಬ್ಬಳಿದ್ದಾಳೆ. ಒಂದು ದಿನ ಅವಳು ಚೆನ್ನಾಗಿ ಬೈದಳು. “ಎಂತ ಮಾರಾಯ್ತಿ ನಿನ್ನದು, ಮನೆಗೆ ಮಾರಿ ಊರಿಗೆ ಉಪಕಾರಿ! ಎಲ್ಲ ಮಾಡುವವರಿಗೆ ಯಾರೂ ಬೆಲೆ ಕೊಡುದಿಲ್ಲ. ಒಂದು ಕೆಲಸ ಹಿಡಿ. ಅದಕ್ಕೆ ನೀನೇ ಆಗ್ಬೇಕು ಅನ್ನುವ ಹಾಗೆ ಮಾಡು. ಬಾಕಿದ್ದೆಲ್ಲ ಬಿಟ್ಟುಬಿಡು.”

ಅವಳು ಹೇಳಿದ್ದು ಸುಳ್ಳಲ್ಲ. ಆನ್‌ಲೈನ್ ಅಂಗಡಿಗಳ ವೆಬ್‌ಸೈಟು ತೆವಳುತ್ತಿದ್ದರೆ ಅದನ್ನು ಚುರುಕು ಮಾಡುವ ಕೆಲಸ ಹಿಡಿದೆ. ದೂರದ ಊರುಗಳವರು ಹುಡುಕಿಕೊಂಡು ಬಂದರು. ಸ್ಕೂಟರ್ ಸವಾರಿ ನಿಂತು ಬೆನ್ನು ನೋವೂ ಹೋಯಿತು. ಯಾರಾದರೂ ನನ್ನನ್ನು ಸ್ಪೆಷಲಿಸ್ಟ್ ಎಂದರೆ, ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಉಬ್ಬುತ್ತಿದ್ದೆ.

ಹಳೆಯ ಗಿರಾಕಿಗಳಿಗೆ ಮಾತ್ರ ಆ ಕೆಲಸವೆಲ್ಲ ಬಿಟ್ಟೆನೆಂದು ಹೇಳಲೇ ಇಲ್ಲ. ಪ್ರಿಂಟರ್ ಹಾಳಾಗಿದೆ ಎಂದು ಫೋನ್ ಬಂದರೆ ‘ಬರುವ’. ಕ್ಯಾಮೆರಾ ಎಂದರೆ ‘ನಾಡಿದ್ದು ನೋಡುವ’. ಒಬ್ಬೊಬ್ಬರಾಗಿ ಬೇರೆಯವರನ್ನು ಹುಡುಕಿಕೊಂಡರು. ಯಾರ ಮನಸ್ಸೂ ನೋಯಿಸದೆ ಬಿಡಿಸಿಕೊಂಡೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕೋಡಿಂಬಾಳದಲ್ಲಿ ಒಬ್ಬಳಿದ್ದಾಳೆ. ನನಗಿಂತ ಚಿಕ್ಕವಳು, ಹುಟ್ಟಿನಿಂದಲೇ ಕಣ್ಣು ಕಾಣದು; ಅಣ್ಣ, ಅತ್ತಿಗೆಯ ಜೊತೆ ಇರುತ್ತಾಳೆ. ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಅವಳ ಲ್ಯಾಪ್‌ಟಾಪಿಗೆ ಹಾಕಿಕೊಟ್ಟವಳು ನಾನೇ, ಎಲ್ಲ ಕೆಲಸ ಮಾಡುತ್ತಿದ್ದ ಕಾಲದಲ್ಲಿ. ಅದರ ದನಿ ಕೇಳಿಕೊಂಡೇ ಅವಳು ಕನ್ನಡ ಟೈಪಿಂಗ್ ಕಲಿತಳು. ಭಾಷಣ, ಪಾಠಗಳ ರೆಕಾರ್ಡಿಂಗ್ ಕೇಳಿ ಬರಹಕ್ಕೆ ಇಳಿಸಿಕೊಡುವುದು ಅವಳ ಕೆಲಸ. ಬಾಯಿ ಭಾರೀ ಜೋರು. “ಅಕ್ಕ, ನಿಮ್ಮ ಈ ಕಂಪ್ಯೂಟರಿನವಳು ಮೂಗಲ್ಲಿ ಮಾತಾಡ್ತಾಳೆ, ಶೀತ ಉಂಟಾ ಅವಳಿಗೆ?” ಎಂದು ಮೊದಲ ದಿನವೇ ಕೇಳಿದವಳು.

ಈ ಸಲದ ಮಳೆಗಾಲದಲ್ಲಿ ಅವಳ ಫೋನ್ ಬಂತು. “ಅಕ್ಕ, ಎಂತದೋ ಅಪ್‌ಡೇಟ್ ಆಗಿ ಈ ಕಂಪ್ಯೂಟರಿನವಳು ಕನ್ನಡ ಓದುದೇ ಇಲ್ಲ, ಬರೀ ಇಂಗ್ಲಿಷ್. ಬರುವ ವಾರ ನಂಗೆ ಪರೀಕ್ಷೆ ಉಂಟು. ಪಾಸಾದ್ರೆ ಮನೆಯಲ್ಲೇ ಕೂತು ಮಾಡುವ ಖಾಯಂ ಕೆಲಸ.”

ಪರೀಕ್ಷೆ ಕನ್ನಡದ್ದು, ಮನೆಯಿಂದ ಅವಳ ಲ್ಯಾಪ್‌ಟಾಪಿನಲ್ಲೇ ಬರೆಯುವಂಥದ್ದು. ನಾನಾಗ ಯಾರದೋ ಚಪ್ಪಲಿ ಅಂಗಡಿಯ ವೆಬ್‌ಸೈಟಿನ ಮುಂದೆ ಕೂತಿದ್ದೆ. ಒಮ್ಮೆ ಕೋಡಿಂಬಾಳಕ್ಕೆ ಹೋದರೆ ಆಚೀಚೆ ಮನೆಯ ಪ್ರಿಂಟರುಗಳೆಲ್ಲ ಮತ್ತೆ ನನ್ನ ತಲೆಗೆ ಬರುತ್ತವೆ ಎಂಬ ಹೆದರಿಕೆ ಬೇರೆ. ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತು: “ಆಯ್ತು, ನಾಡಿದ್ದು ಬರುವ.”

ಹೋಗಲಿಲ್ಲ. ಮತ್ತೊಮ್ಮೆ ಫೋನ್ ಬಂತು, ಮತ್ತೊಮ್ಮೆ ‘ಬರುವ’ ಎಂದೆ. ಆಮೇಲೆ ಫೋನ್ ಬರಲಿಲ್ಲ. ಬೇರೆ ಯಾರನ್ನೋ ಹಿಡಿದಿರಬೇಕು ಎಂದುಕೊಂಡು ನೆಮ್ಮದಿಯಾಗಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ಪುತ್ತೂರಿನ ಸಂತೆಯಲ್ಲಿ ಅವಳ ಅತ್ತಿಗೆ ಸಿಕ್ಕಿದರು. ಪರೀಕ್ಷೆ ಹೇಗಾಯಿತೆಂದು ಕೇಳಿದೆ.

“ಎಲ್ಲಿ ಆಯ್ತು? ನೀವು ಬರ್ತೀರಿ ಅಂತ ಕಾದದ್ದೇ ಬಂತು. ನೀವು ಹೇಳಿದ ದಿನ ನಾನು ನಿಮಗೆ ತಿನ್ಲಿಕ್ಕೆ ಪತ್ರೊಡೆ ಸಹ ಮಾಡಿಟ್ಟಿದ್ದೆ. ಕಡಬದ ಮೊಬೈಲ್ ಅಂಗಡಿಯವರು ಬಂದು ನೋಡ್ತೇನೆ ಅಂದ್ರು, ಇವಳು ಬಿಡ್ಲಿಲ್ಲ. ಅಕ್ಕ ಬರ್ತೇನೆ ಹೇಳಿದ್ದಾರೆ, ಬೇರೆಯವರು ಮುಟ್ಟುದು ಬೇಡ ಅಂತ ಒಂದೇ ಹಠ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಕೈಗೆ ಬಂದ ತುತ್ತು ಅವಳ ಬಾಯಿಗೆ ಬಾರದ ಹಾಗೆ ಮಾಡಿದವಳು ನಾನು, ನಾನೇ. ತರಕಾರಿ ಚೀಲದ ಸಮೇತ ಅತ್ತಿಗೆಯನ್ನೂ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅಲ್ಲಿಂದಲೇ ಕೋಡಿಂಬಾಳಕ್ಕೆ ಹೊರಟೆ.

ಒಂದು ಸಣ್ಣ ಸೆಟ್ಟಿಂಗ್ ಬದಲಾಗಿತ್ತು, ಅಷ್ಟೆ. ಅತ್ತಿಗೆ ಕೊಟ್ಟ ಕಾಫಿ ಆರುವುದರೊಳಗೆ ಸರಿಯಾಯಿತು. ಅವತ್ತು ಏನಾಗಿದೆ ಎಂದು ಎರಡು ಮಾತು ಕೇಳಿದ್ದರೆ ಫೋನಿನಲ್ಲೇ ಹೇಳಿಕೊಡಬಹುದಿತ್ತು. ಮೂಗಿನ ದನಿ ಕನ್ನಡ ಓದತೊಡಗಿದಾಗ ಅವಳು ಕತ್ತು ವಾಲಿಸಿ ಕೇಳಿದಳು.

“ಬಂದ್ಳು ಶೀತದವಳು,” ಎಂದಳು. ನನಗೆ ಅಳು ತಡೆಯಲಾಗಲಿಲ್ಲ.

“ತಪ್ಪಾಯ್ತು. ಈ ಕೆಲಸ ಎಲ್ಲ ನಾನು ಬಿಟ್ಟಿದ್ದೆ. ನಿಂಗೆ ಹೇಳ್ಲೇ ಇಲ್ಲ.”

“ಬಿಟ್ಟದ್ರಲ್ಲಿ ತಪ್ಪೆಂತ ಅಕ್ಕ? ನಾನು ಸಹ ಒಂದೇ ಕೆಲಸ ಮಾಡುದಲ್ವಾ? ಆಗುದಿಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ನೀವು ಹೇಳಿದ್ದನ್ನು ನಾನು ನಂಬಿದ್ದು.” ಮತ್ತೆ ಕೇಳಿದಳು: “ಇನ್ನೊಂದು ಸಲ ಪರೀಕ್ಷೆ ಇಟ್ಟರೂ ಇಡಬಹುದಂತೆ. ಆಗ ಇವಳು ಕೈಕೊಟ್ರೆ ನೀವು ಬರ್ತೀರಾ?”

ದೇವರಾಣೆ ಬರುತ್ತೇನೆ, ಬಂದೇ ಬರುತ್ತೇನೆ ಎನ್ನಲೆಂದೇ ಬಾಯಿ ತೆರೆದೆ.

“ಬರುವ, ಬರುವ,” ಎಂದೆ.

ಕೀಬೋರ್ಡಿನ ಮೇಲಿದ್ದ ಅವಳ ಬೆರಳು ನಿಂತಿತು. ಆಮೇಲೆ ಲ್ಯಾಪ್‌ಟಾಪನ್ನು ನನ್ನ ಮುಂದಿನಿಂದ ತನ್ನ ಕಡೆಗೆ ಎಳೆದುಕೊಂಡಳು.

“ಬೇಡ ಅಕ್ಕ. ನೀವು ಎಂತ ಮಾಡಿದ್ದು, ಯಾವ ಬಟನ್ ಒತ್ತಿದ್ದು, ಅದನ್ನು ನಂಗೆ ಈಗಲೇ ಹೇಳಿಕೊಟ್ಟು ಹೋಗಿ.”