ಬೇರೆ ಕೊಟ್ಟಿಗೆಯ ಗಂಟೆ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವ ಆಸಾಮಿಯಲ್ಲ. ಗಾಳಿ, ಸೋಂಕು, ಕಣ್ಣುದೃಷ್ಟಿ ಅಂತ ಯಾರಾದರೂ ಅಂಗಡಿ ಮುಂದೆ ಕೂತು ಮಾತು ತೆಗೆದರೆ ‘ಎದ್ದೋಗ್ರಯ್ಯಾ, ಕ್ಯಾಮೆ ನೋಡೋಗಿ’ ಎಂದು ಗದರಿ ಎಬ್ಬಿಸುತ್ತಿದ್ದವನು. ಕೆ.ಆರ್. ಪೇಟೆಯಲ್ಲಿ ನನ್ನದು ಗೊಬ್ಬರ, ಔಷಧಿ, ಬಿತ್ತನೆ ಬೀಜದ ಅಂಗಡಿ. ಎಲೆ ಹಳದಿಯಾದರೆ ಈ ಪುಡಿ, ಹುಳ ಬಿದ್ದರೆ ಆ ಎಣ್ಣೆ ಎಂದು ಹೇಳಿ ಹೇಳಿ, ಲೋಕದಲ್ಲಿ ಎಲ್ಲಕ್ಕೂ ಒಂದು ಕಾರಣ ಇರುತ್ತದೆ ಎಂಬ ಧಿಮಾಕು ನನಗೆ. ನಿಮಗೂ ಅದೇ ಧಿಮಾಕು ಇದ್ದರೆ ಇರಲಿ. ನೀವು ನಂಬಲಿ ಎಂದು ನಾನು ಇದನ್ನು ಬರೆಯುತ್ತಿಲ್ಲ. ಎದೆಯಲ್ಲಿ ಇಟ್ಟುಕೊಂಡು ಸಾಕಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಗೊಬ್ಬರದ ಕಂಪನಿಯವರು ಚೆನ್ನಾಗಿ ವ್ಯಾಪಾರ ಮಾಡಿದ ಅಂಗಡಿಯವರನ್ನು ಫಾರಿನ್ ಟೂರಿಗೆ ಕರೆದುಕೊಂಡು ಹೋಗುವುದು ನಮ್ಮ ಕಡೆ ಹೊಸದೇನಲ್ಲ. ಆ ಸಲ ನಮ್ಮನ್ನು ಸ್ವಿಟ್ಜರ್ಲೆಂಡಿಗೆ ಕರೆದೊಯ್ದರು. ಹೆಂಡತಿಯರಿಗೆ ಟಿಕೆಟ್ ಇಲ್ಲ, ಬರೀ ಗಂಡಸರ ದಂಡು. ಹೊರಡುವಾಗ ಭಾಗ್ಯ, ಅಂದರೆ ನನ್ನ ಹೆಂಡತಿ, ‘ನಂಗೇನೂ ತರಬ್ಯಾಡಿ. ಅಲ್ಲಿ ಹಸ ಸಂದಾಗಿರ್ತಾವಂತೆ, ಒಸಿ ಫೋಟೋ ತಕ್ಕಂಡ್ ಬನ್ನಿ ಸಾಕು’ ಎಂದಿದ್ದಳು. ಅಷ್ಟೇ ಮಾಡಿದ್ದರೆ ಆಗಿತ್ತು.

ಎಲ್ಲರೂ ಚಾಕಲೇಟು, ವಾಚು, ಫ್ರಿಜ್ಜಿಗೆ ಅಂಟಿಸುವ ಗೊಂಬೆ ಕೊಂಡರು. ನಾನು ಹಳೆ ಸಾಮಾನು ಮಾರುವ ಒಂದು ಬೀದಿಯಲ್ಲಿ ಹಸುವಿನ ಕೊರಳಿನ ಗಂಟೆ ಕಂಡೆ. ದೊಡ್ಡದು, ಸಣ್ಣ ಚೊಂಬಿನಷ್ಟು. ಪಕ್ಕದ ಅಂಗಡಿಗಳಲ್ಲಿ ಹೂ ಬಿಡಿಸಿದ ಹೊಸ ಗಂಟೆಗಳೂ ಇದ್ದವು. ಆದರೆ ಇದು ಬಳಸಿದ್ದು, ಅಸಲಿ ಎಂದು ನನಗೆ ಹೆಮ್ಮೆ. ತೊಗಲಿನ ಪಟ್ಟಿಯ ಸಮೇತ ಇತ್ತು, ಪಟ್ಟಿಯ ಒಳಮೈಯಲ್ಲಿ ಕಂದು ಕೂದಲು ಇನ್ನೂ ಅಂಟಿಕೊಂಡಿತ್ತು. ಮಾರಿದ ಮುದುಕ ಅದನ್ನು ಕೈಗೆ ಕೊಡುವಾಗ ಪಟ್ಟಿಯನ್ನು ತಟಕ್ಕನೆ ಬಿಡಲಿಲ್ಲ, ಹಿಡಿದುಕೊಂಡೇ ತನ್ನ ಭಾಷೆಯಲ್ಲಿ ಏನೋ ಹೇಳಿದ. ನನಗೇನು ತಿಳಿಯಬೇಕು? ತಲೆಯಾಡಿಸಿ ನಕ್ಕು, ಅವನ ಜೊತೆ ಒಂದು ಸೆಲ್ಫಿ ತೆಗೆದುಕೊಂಡೆ. ಜೊತೆಗಿದ್ದ ನಾಗಮಂಗಲದ ಅಂಗಡಿಯವನು ‘ಏನ್ಲಾ, ಇಷ್ಟ್ ದೂರ ಬಂದು ಹಸೀನ ಗಂಟೆ ತಕ್ಕತೀಯಲ್ಲ, ನಿಮ್ಮೂರಲ್ಲಿ ಸಿಕ್ಕಾಕಿಲ್ವೇನ್ಲಾ’ ಎಂದು ಆಡಿಕೊಂಡ. ನನಗೆ ಮಾತ್ರ ಭಾಗ್ಯಳ ಮುಖ ಅರಳುವುದೇ ಕಣ್ಣಮುಂದೆ.

ಯಾಕೆ ಎಂದು ಹೇಳಬೇಕಲ್ಲ. ಶೀಳನೆರೆ ಹೋಬಳಿಯಲ್ಲಿ ನಮ್ಮೂರು. ಕೊಟ್ಟಿಗೆಯಲ್ಲಿ ಡೈರಿಗೆ ಹಾಲು ಹಾಕಲು ಸೀಮೆಹಸುಗಳಿದ್ದವು. ಅವಲ್ಲದೆ ಒಂದು ನಾಟಿ ಹಸು ಇತ್ತು, ಹೆಸರು ಮಲ್ಲಿ. ಅದರ ಹಾಲು ಮನೆಯ ಕಾಫಿಗೂ ಸಾಲದು. ಆದರೆ ಭಾಗ್ಯಳಿಗೆ ಅದು ಹಸುವಲ್ಲ, ತವರು. ಬೆಳ್ಳೂರಿನ ಕಡೆಯ ಅವಳ ಅವ್ವ ಮದುವೆಯಲ್ಲಿ ಬಳುವಳಿಯಾಗಿ ಒಂದು ಕಡಸು ಕೊಟ್ಟಿದ್ದಳು. ಆ ಕಡಸಿನ ಮೊಮ್ಮಗಳು ಮಲ್ಲಿ. ಅವ್ವ ತೀರಿಹೋಗಿದ್ದಳು, ಅವಳ ತಮ್ಮ ಆ ಮನೆ ಮಾರಿದ್ದ, ಅಲ್ಲಿ ಭಾಗ್ಯ ಹೋಗಿ ಕೂರುವುದಕ್ಕೆ ಒಂದು ಜಗುಲಿಯೂ ಉಳಿದಿರಲಿಲ್ಲ. ಆ ಬಳ್ಳಿಯಲ್ಲಿ ಉಳಿದ ಒಂದೇ ಹೆಣ್ಣು ಮಲ್ಲಿ, ಅದೂ ಆಗ ಗಬ್ಬವಾಗಿತ್ತು. ‘ಹೆಣ್ಗರು ಹಾಕ್ಬುಟ್ರೆ ಸಾಕು ಕಣ್ರೀ, ಅವ್ವ ಇನ್ನೊಂದಷ್ಟ್ ದಿನ ಮನೇಲಿರ್ತಾಳೆ’ ಎನ್ನುತ್ತಿದ್ದಳು.

ಗಂಟೆ ನೋಡಿ ಅವಳ ಮುಖ ಅರಳಲಿಲ್ಲ. ಪಟ್ಟಿ ತಿರುಗಿಸಿ ಕೂದಲನ್ನು ಬೆರಳಲ್ಲಿ ಮುಟ್ಟಿದಳು.

‘ಇದು ಯಾರ ಮನೆ ಹಸೀಂದು?’

‘ಯಾರದಾದ್ರೆ ಏನೇ? ದುಡ್ಡು ಕೊಟ್ಟು ತಂದಿವ್ನಿ.’

‘ಕೊರಳಗ್ಗದ ಸಮೇತ ಯಾರಾದ್ರೂ ಮಾರ್ತಾರಾ?’ ಎಂದಳು.

ನಮ್ಮಲ್ಲಿ ಹಸು ಮಾರಿದವರು ಅದರ ಕೊರಳ ಹಗ್ಗವನ್ನು ಕೊಡುವುದಿಲ್ಲ. ಬಿಚ್ಚಿ ಉಳಿಸಿಕೊಳ್ಳುತ್ತಾರೆ, ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಗ್ಗ ಹೋದರೆ ಕೊಟ್ಟಿಗೆಯ ಲಕ್ಷ್ಮಿಯೂ ಹಿಂದೆಯೇ ಹೋಗುತ್ತಾಳೆ ಎಂಬುದು ನಂಬಿಕೆ. ಭಾಗ್ಯಳ ಅವ್ವ ಮಾತ್ರ ಮಗಳಿಗೆ ಹಗ್ಗದ ಸಮೇತ ಕಡಸು ಕೊಟ್ಟಿದ್ದಳು, ಮಾರಿದ್ದಲ್ಲವಲ್ಲ. ‘ಅವ್ರ ಕೊಟ್ಟಿಗೆ ಬರಿದಾಗಿರ್ಬೇಕು. ಇದು ಬ್ಯಾಡಿ, ಶೋಕೇಸಲ್ಲಿಟ್ಬುಡಿ’ ಎಂದಳು ಭಾಗ್ಯ. ನಾನು ಕೇಳಬೇಕಲ್ಲ! ಸ್ವಿಟ್ಜರ್ಲೆಂಡಿನಿಂದ ತಂದ ಗಂಟೆಯನ್ನು ಗಾಜಿನೊಳಗೆ ಇಡಲಿಕ್ಕೆ ತಂದೆನೇ? ಮಲ್ಲಿಯ ಕೊರಳಿಗೇ ಕಟ್ಟಿದೆ. ಊರೆಲ್ಲ ಬಂದು ನೋಡಿತು, ಮೊಬೈಲಿನಲ್ಲಿ ಹಿಡಿದುಕೊಂಡಿತು. ನಮ್ಮ ಹಸುಗಳ ಗಂಟೆ ಕಿಣಿಕಿಣಿ ಎಂದರೆ ಇದು ಢಣ್, ಢಣ್ ಎಂದು ದಪ್ಪ ದನಿಯಲ್ಲಿ ಬಾರಿಸುತ್ತಿತ್ತು. ಆ ಸದ್ದು ಎಲ್ಲಿ ಕೇಳಿದರೂ ಗೊತ್ತಾಗುತ್ತಿತ್ತು.

ಸ್ವಲ್ಪ ದಿನದಲ್ಲೇ ಮಲ್ಲಿಯ ವರಸೆ ಬದಲಾಯಿತು. ಸಂಜೆ ಹೊಲದಿಂದ ಬರುವಾಗ ನಮ್ಮ ಓಣಿಗೆ ತಿರುಗದೆ ನೆಟ್ಟಗೆ ಮುಂದಕ್ಕೆ ನಡೆಯತೊಡಗಿತು. ಹುಟ್ಟಿದ ಮನೆಯನ್ನೇ ಅರಿಯದ ಹಾಗೆ. ಭಾಗ್ಯ ಹೋಗಿ ಕೊರಳು ತಬ್ಬಿ ತಿರುಗಿಸಿಕೊಂಡು ಬರಬೇಕು. ಕೊಟ್ಟಿಗೆಯಲ್ಲಿ ಮೇವು ಬಿಟ್ಟು ಕಿವಿ ನಿಮಿರಿಸಿಕೊಂಡು ನಿಲ್ಲುತ್ತಿತ್ತು, ಯಾರೋ ಕರೆದದ್ದನ್ನು ಕೇಳುವ ಹಾಗೆ. ‘ಬಿಚ್ಬುಡಿ ಅಂದ್ರೆ, ನಿಮ್ಮ ಕಾಲಿಗೆ ಬೀಳ್ತೀನಿ’ ಎಂದು ಭಾಗ್ಯ ದಿನಾ ಗೋಗರೆದಳು. ನಾನು ‘ಗಬ್ಬದ ಹಸ ಕಣೇ, ಅಂಗೆ ಮಾಡ್ತದೆ’ ಎಂದು ತೇಲಿಸಿದೆ. ಕೊನೆಗೆ ಅದು ಹಿಂಡಿ ಬೂಸಾಕ್ಕೂ ಬಾಯಿ ಹಾಕದಿದ್ದಾಗ ನನಗೇ ದಿಗಿಲಾಗಿ ಬಿಚ್ಚಿದೆ. ಮನೆಯಲ್ಲಿದ್ದರೆ ಭಾಗ್ಯಳ ಮನಸ್ಸಿಗೆ ಸಮಾಧಾನವಿರದು ಎಂದು ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ, ಕೆ.ಆರ್. ಪೇಟೆಗೆ ಒಯ್ದು, ಅಂಗಡಿಯ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು.

ಆವತ್ತೇ ಸಂಜೆ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ನಾನು ಅಂಗಡಿಯಿಂದ ಬಂದು ಬೈಕ್ ನಿಲ್ಲಿಸುತ್ತಿದ್ದೆ. ದೀಪ ಹಚ್ಚುವ ಹೊತ್ತು. ಹೊಲದ ಬದುವಿನಲ್ಲಿ ಕಟ್ಟಿದ್ದ ಮಲ್ಲಿಯನ್ನು ಹೊಡೆದುಕೊಂಡು ಬರಲು ಹೋಗಿದ್ದ ಭಾಗ್ಯ ಬರಿಗೈಯಲ್ಲಿ ಓಡಿ ಬಂದಳು. ‘ಗೂಟ ಕಿತ್ಕಂಡು ಹೋಗ್ಬುಟ್ಟವ್ಳೆ ಕಣ್ರೀ!’ ಇಬ್ಬರೂ ಹೊಲದ ಕಡೆ ಓಡಿದೆವು. ಕರೆದೆವು. ಸದ್ದಿಲ್ಲ. ಆಮೇಲೆ ಕಬ್ಬಿನ ಗದ್ದೆಯ ಆಚೆಯಿಂದ, ನಾಲೆಯ ದಿಕ್ಕಿನಿಂದ, ಢಣ್ ಎಂದಿತು.

ಭಾಗ್ಯ ನನ್ನ ಮುಖ ನೋಡಿದಳು. ‘ಗಂಟೆ ತಿರ್ಗಾ ಕಟ್ಬುಟ್ರಾ?’

‘ಇಲ್ಲ ಕಣೇ. ಅಂಗಡೀಲದೆ.’

‘ಮತ್ತೆ ಅದೇನು?’

ಬೀಗದ ಕೈ ಜೇಬಿನಲ್ಲೇ ಇದೆಯೇ ಎಂದು ತಡವಿ ನೋಡಿಕೊಂಡೆ. ಮತ್ತೆ ಢಣ್. ಅವಳು ಸೀರೆ ಎತ್ತಿ ಕಟ್ಟಿ ಸದ್ದು ಬಂದತ್ತ ಓಡಿದಳು, ನಾನು ಹಿಂದೆ. ಕಬ್ಬಿನ ಸಾಲಿನಲ್ಲಿ ನಾವು ಮುಂದೆ ಹೋದಷ್ಟೂ ಅದು ಮುಂದಕ್ಕೆ ಹೋಗುತ್ತಿತ್ತು. ನಾವು ನಿಂತರೆ ಅದೂ ನಿಲ್ಲುತ್ತಿತ್ತು. ಅಯ್ಯೋ ದೇವರೇ ಎಂದುಕೊಂಡೆ. ಹಾಗೆ ಅಂದವನೇ ಅಲ್ಲ ನಾನು. ಹೇಮಾವತಿ ನಾಲೆಯ ಏರಿ ಹತ್ತಿದ ತಕ್ಷಣ ಸದ್ದು ನಿಂತುಹೋಯಿತು. ಆಮೇಲೆ ಕೇಳಿದ್ದು ನೀರಿನ ಸದ್ದೊಂದೇ.

ಮಲ್ಲಿ ನೀರಿನಲ್ಲಿತ್ತು. ನಾಲೆ ತುಂಬಿ ಹರಿಯುತ್ತಿತ್ತು. ತೂಬಿನ ಕಬ್ಬಿಣದ ಸರಳಿಗೆ ಕೊರಳ ಹಗ್ಗದ ಗೂಟ ಸಿಕ್ಕಿಕೊಂಡು, ಮೂಗು ಮಾತ್ರ ಮೇಲಿತ್ತು. ಇನ್ನೂ ಜೀವ ಇತ್ತು. ಭಾಗ್ಯ ನನ್ನ ಕೈ ಕೊಡವಿ ಮೆಟ್ಟಿಲಿಳಿದು ಎದೆಮಟ್ಟ ನೀರಿನಲ್ಲಿ ನಿಂತು ಅದರ ಮುಖವನ್ನು ಹೆಗಲಿಗೆ ಒರಗಿಸಿಕೊಂಡಳು. ‘ಬಂದೆ ಕಣವ್ವ, ಬಂದೆ ಕಣವ್ವ’ ಎನ್ನುತ್ತಿದ್ದಳು. ನಾನು ಹಗ್ಗ ಬಿಡಿಸಲು ಒದ್ದಾಡಿದೆ, ಕೂಗಿಕೊಂಡೆ. ಜನ ಟ್ರಾಕ್ಟರು ತರುವಷ್ಟರಲ್ಲಿ ಅದರ ಉಸಿರು ನಿಂತಿತ್ತು. ಅವಳ ಹೆಗಲ ಮೇಲೇ ನಿಂತಿತು. ದಡಕ್ಕೆ ಎಳೆದು ಹಾಕಿದಾಗ ನಾನು ಮೊದಲು ಮುಟ್ಟಿ ನೋಡಿದ್ದು ಅದರ ಕೊರಳನ್ನು. ಹಗ್ಗ ಬಿಟ್ಟರೆ ಏನೂ ಇರಲಿಲ್ಲ.

ಅಲ್ಲಿಗೆ ಬಂದವರಲ್ಲಿ ಪಕ್ಕದ ಗದ್ದೆಯ ಪುಟ್ಟೇಗೌಡಣ್ಣ ಇದ್ದ. ನಾನು ಕೇಳುವ ಮೊದಲೇ ಅವನು ಹೇಳಿದ: ‘ನಿಮ್ಮ ಫಾರಿನ್ ಗಂಟೆ ಸದ್ದಾಯ್ತಿತ್ತು ಕಣಪ್ಪ. ನೀವೇ ಹೊಡ್ಕಂಡು ಹೋಗ್ತಾವ್ರೆ ಅಂದ್ಕಂಡು ಸುಮ್ಕಾದೆ.’ ಭಾಗ್ಯ ಅದನ್ನು ಕೇಳಿ ತಲೆಯೆತ್ತಿ ನನ್ನನ್ನು ನೋಡಿದಳು.

ಬೆಳಿಗ್ಗೆ ಹೋಗಿ ಬೀರು ತೆಗೆದೆ. ಗಂಟೆ ಇಟ್ಟ ಕಡೆಯೇ ಇತ್ತು. ಒಣಗಿಯೇ ಇತ್ತು, ನಾಲಗೆಗೆ ಸುತ್ತಿದ ಬಟ್ಟೆಯ ಗಂಟೂ ಸಡಿಲವಾಗಿರಲಿಲ್ಲ. ನಿಜ ಹೇಳಬೇಕೆಂದರೆ ಅದು ಒದ್ದೆಯಾಗಿದ್ದರೆ, ಮಾಯವಾಗಿದ್ದರೆ ವಾಸಿಯಿತ್ತು. ದೆವ್ವ ಎಂದು ಒಪ್ಪಿಕೊಂಡು ಬೈದಾದರೂ ಬೈಯುತ್ತಿದ್ದೆ. ಅದು ಸುಮ್ಮನೆ ಗಂಟೆಯ ಹಾಗೆಯೇ ಬಿದ್ದಿತ್ತು. ನಾನು ಅಂಗಡಿಯ ಷಟರ್ ಅರ್ಧಕ್ಕೆ ಎಳೆದುಕೊಂಡು ಗೊಬ್ಬರದ ಮೂಟೆಯ ಮೇಲೆ ಕೂತು ಅತ್ತೆ. ಬೀದಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆದ ಹಾಗೆ, ಅದೂ ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆನಲ್ಲ!

ಪಶು ಡಾಕ್ಟರು ‘ಈಯೋದಕ್ಕೆ ಹತ್ರ ಬಂದ ಹಸ ಮರೆ ಹುಡುಕ್ಕೊಂಡು ಹೋಗೋದು ಸಹಜ, ಕಾಲು ಜಾರಿದೆ’ ಎಂದರು. ಇರಬಹುದು. ಗಂಟೆಯ ಸದ್ದು ಯಾವುದೋ ಕುರಿಮಂದೆಯದು ಎಂದರು ಕೆಲವರು. ಆವತ್ತು ಆ ಕಡೆ ಕುರಿಯವರು ಯಾರೂ ಇರಲಿಲ್ಲ, ವಿಚಾರಿಸಿದ್ದೇನೆ. ನಾವಿಬ್ಬರೂ ಗಾಬರಿಯಲ್ಲಿ ಕಿವಿ ಕೆಟ್ಟವರು ಎಂದುಕೊಂಡರೂ, ಹಸು ಕಳೆದದ್ದೇ ಗೊತ್ತಿಲ್ಲದ ಪುಟ್ಟೇಗೌಡಣ್ಣನಿಗೆ ಕೇಳಿಸಿದ್ದೇನು?

ಮಲ್ಲಿಯನ್ನು ಹಿತ್ತಲಿನಲ್ಲಿ ಅರಿಶಿನ ಕುಂಕುಮ ಇಟ್ಟು, ಹೊಸ ಸೀರೆ ಹೊದಿಸಿ ಮಣ್ಣು ಮಾಡಿದೆವು. ಭಾಗ್ಯ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಒಂದೇ ಕೇಳಿದಳು: ‘ಆ ಗಂಟೇನ ಅವ್ರ ಮನೆಗೇ ಕಳಿಸ್ಬುಡಿ.’ ಯಾರ ಮನೆಗೆ? ಆ ಬೀದಿಯ ಹೆಸರು ನನಗೆ ನೆನಪಿಲ್ಲ, ಮುದುಕನ ಹೆಸರನ್ನು ಕೇಳಿಯೇ ಇರಲಿಲ್ಲ. ಟೂರಿನವರಿಗೆ ಫೋನು ಮಾಡಿದೆ, ಸೆಲ್ಫಿ ಕಳಿಸಿದೆ. ಅವರು ನಕ್ಕು ಸುಮ್ಮನಾದರು. ನಾಲೆಗೆ ಎಸೆಯಲು ಧೈರ್ಯವಿಲ್ಲ, ಮಾರಲು ಮನಸ್ಸಿಲ್ಲ. ಬೀರುವಿನಲ್ಲೇ ಇದೆ. ಹೊಸ ಸ್ಟಾಕ್ ಇಡಲು ಆ ಬೀರು ತೆಗೆಯುವುದನ್ನೇ ಬಿಟ್ಟಿದ್ದೇನೆ.

ತಪ್ಪು ತೀರಿಸಿಕೊಳ್ಳುವ ಹುಮ್ಮಸ್ಸಿನಲ್ಲಿ ಒಮ್ಮೆ ‘ನಾಗಮಂಗಲದ ಕಡೆಯಿಂದ ಒಳ್ಳೆ ನಾಟಿ ಕಡಸು ತರ್ತೀನಿ ಕಣೇ, ಮಲ್ಲಿ ಥರದ್ದೇ’ ಎಂದೆ. ಅವಳು ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿ, ‘ಕೊಂಡ್ಕಂಡು ತಂದ್ರೆ ತವರಾದದಾ?’ ಎಂದಳು. ಮತ್ತೆ ನಾನು ಆ ಮಾತೆತ್ತಲಿಲ್ಲ.

ಆದರೆ ಒಂದು ಪ್ರಶ್ನೆ ನನ್ನನ್ನು ತಿನ್ನುತ್ತಲೇ ಇತ್ತು. ಕಳೆದ ವರ್ಷ ಒಂದು ಸಂಜೆ ಇಬ್ಬರೇ ಇದ್ದಾಗ ತಡೆಯಲಾರದೆ ಕೇಳಿಬಿಟ್ಟೆ. ‘ಭಾಗ್ಯ, ಆ ಸದ್ದು ಮಲ್ಲೀನ ನೀರಿಗೆ ಕರ್ಕಂಡ್ ಹೋಯ್ತಾ, ಇಲ್ಲ ನಮ್ಮನ್ನ ಅವಳತ್ರ ಕರ್ಕಂಡ್ ಬಂತಾ?’

ಅವಳು ಎದ್ದು ಹೋಗಿ ದೀಪ ಹಚ್ಚಿ ಬಂದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು: ‘ನಮ್ಮನ್ನ ಕರ್ಕಂಡ್ ಬಂತು ಅಂತ್ಲೇ ಅಂದ್ಕಳವಾ. ಇಲ್ದೇ ಹೋದ್ರೆ ನಿಮ್ಮ ಜೊತೆ ನಾನೆಂಗೆ ಬಾಳ್ಲಿ?’

ಹಾಗೆಯೇ ಅಂದುಕೊಂಡು ಬಾಳುತ್ತಿದ್ದೇವೆ. ನಿಜ ಯಾವುದೋ ನನಗೆ ಇವತ್ತಿಗೂ ಗೊತ್ತಿಲ್ಲ.